ಮನೆ ರೇಟಿನ ಅಳಿಯ

ಸುಬ್ಬಕೃಷ್ಣ: ಮೊದ್ಲು ಆ ಚೀಟಿ ಕಿತ್ತುಹಾಕ್ರೀ! ಮಿಕ್ಕಿದ್ದೆಲ್ಲ ಆಮೇಲೆ.

ಮೂಡಲಗಿರಿಯಪ್ಪ: ಚೀಟಿ ಕಿತ್ತಾಕ್ಬುಟ್ರೆ ಅಂಗಿ ಯಾರ್ದು ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು ಸ್ವಾಮಿ?

ಸುಬ್ಬಕೃಷ್ಣ: ಆ ಅಂಗಿ ಯಾರ್ದು ಅನ್ನೋಕೆ ಚೀಟಿ ಬೇಕೇನ್ರೀ? ತುಮಕೂರಲ್ಲಿ ಆರಡಿ ದಾಟಿ ಉದ್ದ ಇರೋದು ಎರಡೇ. ಒಂದು ಅವರು, ಇನ್ನೊಂದು ನಿಮ್ಮ ಅಂಗಡಿ ಮುಂದಿನ ಲೈಟ್ ಕಂಬ. ಕಂಬಕ್ಕಂತೂ ಯಾರೂ ಅಂಗಿ ಹೊಲಿಸಲ್ಲ.

ಇದು ನಡೆದದ್ದು ಎಪ್ಪತ್ತೆಂಟನೇ ಇಸವಿಯ ಮಾರ್ಚ್ ತಿಂಗಳಲ್ಲಿ, ಚಿಕ್ಕಪೇಟೆಯ ‘ಮಾಡರ್ನ್ ಮೂಡಲಗಿರಿ ಟೈಲರ್ಸ್, ಸೂಟ್ ಸ್ಪೆಷಲಿಸ್ಟ್’ ಎಂಬ ಬೋರ್ಡಿನ ಕೆಳಗೆ. ಬೋರ್ಡನ್ನು ನಂಬಬೇಡಿ. ಮೂಡಲಗಿರಿಯಪ್ಪ ಹದಿನಾಲ್ಕು ವರ್ಷದಲ್ಲಿ ಹೊಲಿದದ್ದು ಒಂದೇ ಸೂಟು. ಅದೂ ಗುಬ್ಬಿಯ ಹವ್ಯಾಸಿ ನಾಟಕದವರ ಕಲೆಕ್ಟರ್ ಪಾತ್ರಕ್ಕೆ. ಎರಡನೇ ಅಂಕದಲ್ಲಿ ಕಲೆಕ್ಟರು ಕೈ ಎತ್ತಿ ಆಜ್ಞೆ ಕೊಡುವಾಗ ಅದು ಕಂಕುಳಲ್ಲಿ ಬಿಟ್ಟುಕೊಂಡಿತು.

ಈಗ ಹೈಸ್ಕೂಲಿನ ಲೆಕ್ಕದ ಮೇಷ್ಟರು ಸುಬ್ಬಕೃಷ್ಣ ಬಾಗಿಲಲ್ಲಿ ನಿಂತು ಕೊಡೆ ಝಳಪಿಸುತ್ತಿದ್ದಾರೆ. ಅಂಗಡಿಯ ಮುಂದಿನ ಕಂಬಿಗೆ ನೇತುಹಾಕಿರುವ ಒಂದು ಪಟ್ಟೆಪಟ್ಟೆ ಅಂಗಿ ಹೆಚ್ಚುಕಡಿಮೆ ನೆಲ ಗುಡಿಸುತ್ತಿದೆ. ಅದರ ಕಾಲರಿಗೆ ಗುಂಡುಸೂಜಿ, ಸೂಜಿಗೆ ಚೀಟಿ, ಚೀಟಿಯಲ್ಲಿ ಬೀದಿಗೆಲ್ಲ ಕಾಣುವಂತೆ ದಪ್ಪ ಅಕ್ಷರ: ‘ಸುಬ್ಬಕೃಷ್ಣ ಮೇಷ್ಟ್ರ ಮನೆ. ಅಳಿಯ.’

ಸುಬ್ಬಕೃಷ್ಣ: ನನಗೆ ಅಳಿಯ ಎಲ್ಲಿಂದ ಬಂದನ್ರೀ? ನನ್ನ ಮಗಳಿಗೆ ಇನ್ನೂ ಮದುವೇನೇ ಆಗಿಲ್ಲ!

ಮೂಡಲಗಿರಿಯಪ್ಪ: ಅದ್ಕೇ ಅಲ್ವಾ ಬಟ್ಟೆ ಹೊಲಿಸ್ತಿರೋದು?

ಸುಬ್ಬಕೃಷ್ಣ: ಅವರು ನಮ್ಮನೆ ಮಹಡಿ ಮೇಲೆ ಬಾಡಿಗೆಗೆ ಇರೋರು ಕಣ್ರೀ! ಡೆನ್ಮಾರ್ಕಿನೋರು! ಹೆನ್ರಿಕ್ ಅಂತ!

ಮೂಡಲಗಿರಿಯಪ್ಪ: ಬಾಡಿಗೆಗೆ ಇರೋರ್ಗೆ ಮನೆ ಯಜಮಾನ್ರು ಅಳತೆ ಕೊಡಿಸ್ತಾರಾ ಸ್ವಾಮಿ? ನಾನೂ ಹದ್ನಾಲ್ಕು ವರ್ಷದಿಂದ ಟೇಪ್ ಹಿಡೀತಿವ್ನಿ. ಗಂಡುಸ್ರು ಅಳತೆಗೆ ಬರೋದು ಮೂರೇ ತರ. ಚಿಕ್ಕುಡುಗ ಆದ್ರೆ ಅವ್ರಪ್ಪ ಕರ್ಕೊಂಡ್ ಬತ್ತಾನೆ. ಮೀಸೆ ಬಂದೋನು ಒಬ್ನೇ ಬತ್ತಾನೆ. ಮೀಸೆ ಬಂದೋನ್ನ ಇನ್ನೊಬ್ಬ ಹಿರೀಕ ಕರ್ಕೊಂಡ್ ಬಂದು, ತಾನು ಕುರ್ಚಿ ಮೇಲೆ ಕೂತ್ಕಂಡು, ‘ಚೆನ್ನಾಗ್ ಹೊಲೀರಿ, ಎಲ್ಲೂ ಹಿಡೀಬಾರ್ದು’ ಅಂದ ಅಂದ್ರೆ ಅವ್ನು ಮಾವ. ನೀವು ಕುರ್ಚಿ ಮೇಲೆ ಕೂತಿದ್ರೋ ಇಲ್ವೋ?

ಸುಬ್ಬಕೃಷ್ಣ: ನನಗೆ ಮಂಡಿನೋವು, ಅದಕ್ಕೆ ಕೂತೆ!

ಮೂಡಲಗಿರಿಯಪ್ಪ: ಮಾವಂದ್ರಿಗೆಲ್ಲ ಮಂಡಿನೋವೇ.

ಸುಬ್ಬಕೃಷ್ಣ: ಪಾಪ, ಆ ಮನುಷ್ಯನಿಗೆ ಹಾಕ್ಕೊಳ್ಳೋಕೆ ಬಟ್ಟೆ ಸಿಗ್ತಿಲ್ಲ ಅಂತ ಕರ್ಕೊಂಡ್ ಬಂದೆ ಕಣ್ರೀ. ರೆಡಿಮೇಡ್ ತೊಟ್ರೆ ತೋಳು ಮೊಣಕೈಗೇ ಮುಗಿದುಹೋಗುತ್ತೆ. ಬೆಂಗಳೂರಲ್ಲಿ ಒಬ್ಬ ದರ್ಜಿ ಅವರ ಮುಖ ನೋಡಿ, ಬರೀ ಹೊಲಿಗೆಗೆ ನಲವತ್ತು ರೂಪಾಯಿ ಅಂದನಂತೆ. ಇಲ್ಲೇ ಬಸ್ ಸ್ಟಾಂಡ್ ಹತ್ರ ಒಬ್ಬ ಮೂವತ್ತು ಅಂದು, ಮೇಲೆ ಮಗನಿಗೆ ಡೆನ್ಮಾರ್ಕಿನ ಸ್ಟಾಂಪ್ ಬೇರೆ ಕೇಳಿದ. ಊರಿಂದ ತಂದಿದ್ದ ಎರಡಂಗೀನೂ ಹಸುಗಳು ನೆಕ್ಕಿ ನೆಕ್ಕಿ ಜಾಳಾಗಿಹೋಗಿವೆ.

ಮೂಡಲಗಿರಿಯಪ್ಪ: ಹಸು ಯಾಕ್ ನೆಕ್ತವೆ?

ಸುಬ್ಬಕೃಷ್ಣ: ಅವರ ಕೆಲಸವೇ ಅದು. ಹೆಬ್ಬೂರು ಸುತ್ತಮುತ್ತ ಹಸುಗಳಿಗೆ ಗರ್ಭ ಕಟ್ಟಿಸೋಕೆ ಅಂತಾನೇ ಸೀಮೆಯಿಂದ ಬಂದಿದಾರೆ.

ಮೂಡಲಗಿರಿಯಪ್ಪ (ಕತ್ತರಿ ಕೆಳಗಿಟ್ಟು): ಇವ್ರೇ ಖುದ್ದಾಗಾ?

ಸುಬ್ಬಕೃಷ್ಣ: ಸೂಜಿ ಹಾಕಿ ಕಣ್ರೀ! ಸೂಜಿ ಹಾಕಿ!

ಮೂಡಲಗಿರಿಯಪ್ಪ: ಓ, ಹಂಗೆ. ಹಂಗಂದ್ರೆ ಅವ್ರೂ ನಮ್ ಕಸುಬಿನೋರೇ ಅನ್ನಿ.

ಸುಬ್ಬಕೃಷ್ಣ: ಹರಟೆ ಬೇಡ. ಚೀಟಿ ತೆಗೀರಿ.

ಮೂಡಲಗಿರಿಯಪ್ಪ: ಚೀಟಿ ಬರ್ಸಿದ್ದು ಯಾರು? ನೀವೇ. ‘ಇವರೂ ನಮ್ಮನೆಯವರೇ ಅಂದ್ಕೊಳ್ರೀ, ಮನೆ ರೇಟು ಹಾಕಿ’ ಅಂದ್ರೋ ಇಲ್ವೋ? ಮನೆ ರೇಟು ಐದು, ಹೊರಗಿನೋರ್ಗೆ ಎಂಟು. ಮನೆ ರೇಟು ಹಾಕ್ಬೇಕು ಅಂದ್ರೆ ಆ ಮನೆಗೆ ಏನಾಗ್ಬೇಕು ಅಂತ ನಾನು ಚೀಟೀಲಿ ಕಾಣ್ಸಬೇಕು. ಇಲ್ದಿದ್ರೆ ಬೀದೀಲಿ ಹೋಗೋರೆಲ್ಲ ನಿಮ್ಮನೆಯೋರೇ ಆಗ್ಬುಡ್ತಾರೆ. ಕೇಳ್ದೆ ತಾನೇ, ‘ಇವ್ರು ನಿಮ್ಗೆ ಏನಾಗ್ಬೇಕು ಸ್ವಾಮಿ?’ ಅಂತ? ‘ಏನಾದ್ರೂ ಬರ್ಕೊಳ್ರೀ’ ಅಂದ್ರಿ.

ಸುಬ್ಬಕೃಷ್ಣ: ಏನಾದ್ರೂ ಅಂದ್ರೆ ಅಳಿಯ ಅಂತಾನೇ ಬರೀಬೇಕಾ?

ಮೂಡಲಗಿರಿಯಪ್ಪ: ಮತ್ತಿನ್ನೇನು ಬರೀಲಿ? ಮಗ ಅನ್ನೋಕೆ ಬಣ್ಣ ಒಪ್ಪಲ್ಲ. ಅಣ್ಣ ಅನ್ನೋಕೆ ವಯಸ್ಸು ಒಪ್ಪಲ್ಲ. ಬಾವಮೈದ ಅಂದಿದ್ರೆ ಅಮ್ಮಾವ್ರ ತವರುಮನೆಗೆ ಕೆಟ್ಟೆಸ್ರು. ನಾನೂ ಊಟ ಬಿಟ್ಟು ಯೋಚ್ನೆ ಮಾಡೇ ಬರ್ದಿರೋದು.

ಮೇಷ್ಟರು ಕುರ್ಚಿಯ ಮೇಲೆ ಕುಸಿದರು. ಮೂರು ರೂಪಾಯಿ ಉಳಿಸಿಕೊಡಲು ಹೋಗಿ ಮನೆಯ ಮಾನಕ್ಕೇ ಸಂಚಕಾರ ತಂದುಕೊಂಡ ಲೆಕ್ಕದ ಮೇಷ್ಟರನ್ನು ನೀವು ನೋಡಿರಲಾರಿರಿ. ನಾನು ನೋಡಿದ್ದೇನೆ, ಅವರಿಗೆ ಬೆವರೊರೆಸಿಕೊಳ್ಳಲು ಕರವಸ್ತ್ರ ಎಲ್ಲಿದೆ ಎಂಬುದೂ ಮರೆತುಹೋಗಿತ್ತು. ಅವರು ಪಕ್ಕದಲ್ಲಿದ್ದ ಯಾರದೋ ರವಿಕೆಯ ಬಟ್ಟೆ ಎತ್ತಿಕೊಂಡು ಮುಖ ಒರೆಸಿಕೊಂಡರು.

ಸುಬ್ಬಕೃಷ್ಣ: ಕೇಳ್ರೀ. ನಮ್ಮ ವನಜಾಕ್ಷಿಗೆ ಗುಬ್ಬಿ ಜಯರಾಮಯ್ಯನವರ ಮಗನ ಜೊತೆ ಮಾತಾಗಿದೆ. ಹುಡುಗ ಕುಣಿಗಲ್‌ನಲ್ಲಿ ಬ್ಯಾಂಕ್ ಗುಮಾಸ್ತ. ಹೋದ ಶನಿವಾರ ಜಯರಾಮಯ್ಯನವರ ಷಡ್ಡಕರು ಇಲ್ಲಿಗೆ ಬಂದಿದ್ರಂತೆ, ದಿಂಬಿನ ಚೀಲ ಹೊಲಿಸೋಕೆ. ಚೀಟಿ ಓದ್ಕೊಂಡು ಹೋಗಿದಾರೆ.

ಮೂಡಲಗಿರಿಯಪ್ಪ: ದಪ್ಪ ಕನ್ನಡಕದೋರಾ? ಊಂ, ಬಂದಿದ್ರು. ಅಂಗಿ ಮುಟ್ಟಿ ಮುಟ್ಟಿ ನೋಡುದ್ರು. ‘ಅಳಿಯಂದ್ರು ಎಲ್ಲಿಯೋರು?’ ಅಂದ್ರು. ‘ಫಾರಿನ್ನೋರು’ ಅಂದೆ.

ಸುಬ್ಬಕೃಷ್ಣ: ಅಯ್ಯೋ ಪುಣ್ಯಾತ್ಮ!

ಮೂಡಲಗಿರಿಯಪ್ಪ: ನಿಮ್ ಮರ್ಯಾದೆ ಎತ್ತಿ ಹಿಡಿಯವಾ ಅಂತ ಹೇಳ್ದೆ. ಅವ್ರು ದಿಂಬಿನ ಚೀಲ ಇಸ್ಕೊಳ್ಳೋದೂ ಮರ್ತು ಓಡೋದ್ರು.

ಸುಬ್ಬಕೃಷ್ಣ: ಓಡದೆ ಏನು ಮಾಡ್ತಾರೆ? ನೆನ್ನೆ ಕಾರ್ಡ್ ಬಂತು. ‘ನಿಮ್ಮ ಅಳಿಯಂದಿರ ಅಂಗಿಯನ್ನು ನಮ್ಮವರು ಕಣ್ಣಾರೆ ಕಂಡಿದ್ದಾರೆ. ಬುಧವಾರ ಹನ್ನೊಂದಕ್ಕೆ ಬರುತ್ತೇನೆ. ಅಂಗಿಯ ಎದುರಿನಲ್ಲೇ ಮಾತಾಡೋಣ’ ಅಂತ ಬರೆದಿದಾರೆ. ಬುಧವಾರ ಅಂದ್ರೆ ಇವತ್ತು. ಈ ಸಂಬಂಧ ತಪ್ಪಿಹೋದ್ರೆ ಮನೇಲಿ ನಾನು ಹೇಗ್ರೀ ಮುಖ ತೋರಿಸ್ಲಿ? ಒಂಬತ್ತು ಗಂಡು ಬೇಡ ಅಂದ ಹುಡುಗಿ ಕಣ್ರೀ ಅವಳು. ಇವನು ಬಂದಾಗ ಮಾತ್ರ ಕರೆಯದೇ ಎರಡನೇ ಸಲ ಉಪ್ಪಿಟ್ಟು ತಂದು ಬಡಿಸಿದ್ಲು. ಅವಳು ಹಾಗೆ ನಕ್ಕಿದ್ದು ನಾನು ಯಾವತ್ತೂ ನೋಡಿರ್ಲಿಲ್ಲ.

ಮೂಡಲಗಿರಿಯಪ್ಪ: ಸಂಬಂಧ ತಪ್ಪೋದ್ರೆ ನನ್ ಗತಿ ಹೇಳಿ ಸ್ವಾಮಿ! ಆ ಹುಡುಗನ ಸೂಟು ನಂಗೇ ಅಂತ ಮಾತು ಕೊಟ್ಟಿದೀರಿ. ತ್ರೀ ಪೀಸು!

ಸುಬ್ಬಕೃಷ್ಣ: ಅದೊಂದು ಬೇರೆ. ವೈಶಾಖದ ಬಿಸಿಲಲ್ಲಿ ಮದುವೆ, ಛತ್ರದಲ್ಲಿ ಫ್ಯಾನ್ ಇಲ್ಲ, ಅವನಿಗೆ ಉಣ್ಣೆ ಸೂಟು ಬೇಕಂತೆ, ಒಳಗೆ ವೇಸ್ಟ್‌ಕೋಟ್ ಸಮೇತ. ತಾಳಿ ಕಟ್ಟೋ ಹೊತ್ತಿಗೆ ಹುಡುಗ ಗೆಣಸು ಬೆಂದ ಹಾಗೆ ಬೆಂದಿರ್ತಾನೆ. ನನ್ನ ಒಂದು ತಿಂಗಳ ಸಂಬಳ ಸಾಲಲ್ಲ ಅದಕ್ಕೆ. ಏನ್ ಮಾಡೋದು, ಮಗಳಿಗೋಸ್ಕರ ಕೊಡ್ತೀನಿ. ನೀವೊಂದು ಉಪಕಾರ ಮಾಡಿ. ಜಯರಾಮಯ್ಯನವರು ಬಂದ ತಕ್ಷಣ, ‘ಚೀಟಿ ತಪ್ಪು, ಇವರು ಬರೀ ಬಾಡಿಗೆಯವರು’ ಅಂತ ಹೇಳ್ಬಿಡಿ.

ಮೂಡಲಗಿರಿಯಪ್ಪ: ತಪ್ಪು ಅಂತ ನಾನ್ ಹೇಳಲ್ಲ. ಹದ್ನಾಲ್ಕು ವರ್ಷ ನನ್ ಚೀಟಿ ತಪ್ಪಿಲ್ಲ. ಅಂಗಡಿ ಮರ್ಯಾದೆ ಪ್ರಶ್ನೆ.

ಸುಬ್ಬಕೃಷ್ಣ: ಹಾಗಾದ್ರೆ ಸೂಟೂ ಇಲ್ಲ.

ಮೂಡಲಗಿರಿಯಪ್ಪ (ತಕ್ಷಣ): ತಪ್ಪು ಅಂತ ಎಷ್ಟು ಸಲ ಹೇಳ್ಬೇಕು ಸ್ವಾಮಿ?

ಅಷ್ಟರಲ್ಲಿ ಸೈಕಲ್ ಒರಗಿಸಿ, ಬಾಗಿಲಲ್ಲಿ ತಲೆ ತಗ್ಗಿಸಿ ಹೆನ್ರಿಕ್ ಒಳಬಂದರು. ವಯಸ್ಸು ಮೂವತ್ತು, ಟೊಮೇಟೊ ಬಣ್ಣದ ಮೂಗು. ಕನ್ನಡವನ್ನು ಹೆಬ್ಬೂರಿನ ಕೊಟ್ಟಿಗೆಗಳಲ್ಲಿ ಕಲಿತವರು, ಆದ್ದರಿಂದ ಅದು ಚೆನ್ನಾಗಿ ಹಾಲು ಕರೆಯುವ ಕನ್ನಡ. ಓದಲು ಮಾತ್ರ ಬಾರದು. ಕಂಬಿಯ ಮೇಲಿನ ಚೀಟಿಯನ್ನು ಅವರು ಅಂಗಿಯ ಬೆಲೆ ಎಂದುಕೊಂಡಿದ್ದರು.

ಹೆನ್ರಿಕ್: ಸರಣು ಸ್ವಾಮಿ. ಸರಣು ಗಿರಿಯಣ್ಣ. ಪ್ಯಾಂಟ್ ಆಯ್ತಾ?

ಮೂಡಲಗಿರಿಯಪ್ಪ ಪ್ಯಾಂಟು ಕೊಟ್ಟ. ಪರದೆಯ ಹಿಂದೆ ಬಹಳ ಹೊತ್ತು ಕುಸ್ತಿಯ ಸದ್ದು ಕೇಳಿಬಂತು. ಕೊನೆಗೆ ಹೆನ್ರಿಕ್ ಹೊರಬಂದಾಗ ಅವರ ಕೆಂಪು ಮೂಗು ನೀಲಿಯಾಗಿತ್ತು.

ಹೆನ್ರಿಕ್: ಅಣ್ಣ, ನಾನ್ ಯೋಳಿದ್ದೇನು? ಸಡ್ಲ ಅಂದೆ. ಗಾಳಿ ಆಡ್ಬೇಕು ಅಂದೆ.

ಮೂಡಲಗಿರಿಯಪ್ಪ: ಇದು ಬೆಲ್ ಬಾಟಂ ಸಾ. ಮೇಲೆ ಫಿಟ್ಟು, ಕೆಳಗೆ ಇಪ್ಪತ್ತೆಂಟು ಇಂಚು. ಗಾಳಿ ಬಸ್ಸಿನ ಹಂಗೆ ಓಡಾಡ್ತದೆ.

ಹೆನ್ರಿಕ್: ಗಾಳಿ ಬೇಕಾಗಿದ್ದು ಮ್ಯಾಲೆ ಅಣ್ಣ. ಕಾಲ್ ಬೆರ್ಳಿಗಲ್ಲ.

ಮೂಡಲಗಿರಿಯಪ್ಪ: ನೀವು ತಂದ್ಕೊಟ್ಟಿದ್ದು ಹಾಸಿಗೆ ಬಟ್ಟೆ. ಹತ್ತಿ ತುಂಬೋದು ಬಿಟ್ಟು ನಾನು ಅದ್ರಲ್ಲಿ ಅಂಗಿ ಪ್ಯಾಂಟ್ ಹೊಲಿದಿದೀನಿ. ಅದನ್ನ ಸಡ್ಲ ಬೇರೆ ಹೊಲಿದ್ರೆ ಹಾಸ್ಗೇನೇ ಎದ್ದು ನಡ್ಕೊಂಡ್ ಬಂತು ಅಂತಾರೆ ಜನ.

ಹೆನ್ರಿಕ್: ಹಾಸ್ಗೆ ಬಟ್ಟೆ ಗಟ್ಟಿ, ಅಗ್ಗ, ತಣ್ಗಿರ್ತದೆ. ಅಸ ನೆಕ್ಕಿದ್ರೂ ಜಾಳಾಗಾಕಿಲ್ಲ. ನಂಗೇನು ಮದ್ವೆ ಐತಾ, ಫಿಟ್ಟಿಂಗ್ ಬೇಕು ಅನ್ನಾಕೆ?

ಮೂಡಲಗಿರಿಯಪ್ಪ (ಮೇಷ್ಟರ ಕಡೆ ತಿರುಗಿ): ಇಲ್ವಂತೆ ಸ್ವಾಮಿ.

ಸುಬ್ಬಕೃಷ್ಣ: ನಾನು ಅರ್ಧ ಗಂಟೆಯಿಂದ ಹೇಳ್ತಿರೋದು ಏನು ಮತ್ತೆ?

ಹೆನ್ರಿಕ್: ನೋಡು ಅಣ್ಣ, ನಾನ್ ಅಸುವಿನ ತಾವ ಇಂಗೆ ಕುಕ್ಕರಗಾಲ್ನಾಗೆ ಕೂರ್ಬೇಕು.

ಹೇಗೆ ಎಂದು ತೋರಿಸಲು ಹೆನ್ರಿಕ್ ಕುಕ್ಕರಗಾಲಿನಲ್ಲಿ ಕೂತರು. ಹಾಸಿಗೆ ಬಟ್ಟೆ ಗಟ್ಟಿ ಎಂದು ಅವರು ಹೇಳಿದ್ದು ನಿಜ, ಬಟ್ಟೆ ಹರಿಯಲಿಲ್ಲ. ಹಿಂದಿನ ಹೊಲಿಗೆ ಮಾತ್ರ ಸೊಂಟದಿಂದ ಶುರುವಾಗಿ ಎಲ್ಲಿಗೆ ಮುಟ್ಟಬಾರದೋ ಅಲ್ಲಿಯವರೆಗೆ ‘ಟರ್ರ್’ ಎಂದು ಬಿಟ್ಟುಕೊಂಡಿತು. ಹೆನ್ರಿಕ್ ಚಂಗನೆ ಎದ್ದು ಗೋಡೆಗೆ ಬೆನ್ನು ಕೊಟ್ಟು ನಿಂತರು.

ಅದೇ ಹೊತ್ತಿಗೆ ಕರಿ ಕೋಟು, ಕರಿ ಟೋಪಿಯ ಜಯರಾಮಯ್ಯನವರು ಮೆಟ್ಟಿಲೇರಿ ಬಂದರು. ಗುಬ್ಬಿಯ ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಹೆಡ್ ಗುಮಾಸ್ತರಾಗಿದ್ದವರು. ಯಾರ ಉತ್ತರವನ್ನೂ ಪೂರ್ತಿ ಕೇಳಿ ಅಭ್ಯಾಸವಿಲ್ಲ. ಅಂಗಿಯನ್ನು ಕಾಲರಿನಿಂದ ನೆಲದವರೆಗೆ ನೋಡಿದರು, ಚೀಟಿಯನ್ನು ಎರಡು ಸಲ ಓದಿದರು, ಜೇಬಿನಿಂದ ಜಾತಕ ತೆಗೆದರು.

ಜಯರಾಮಯ್ಯ: ಸುಬ್ಬಕೃಷ್ಣಯ್ಯನವರೇ, ನಾನು ಜಗಳ ಆಡೋಕೆ ಬಂದಿಲ್ಲ. ಹುಡುಗಿ ಜಾತಕ ತಗೊಳ್ಳಿ. ಒಂದು ಗಂಟೆ ಬಸ್ಸಿಗೆ ನಾನು ಹೊರಟೆ.

ಸುಬ್ಬಕೃಷ್ಣ: ದಯವಿಟ್ಟು ನಾನು ಹೇಳೋದು ಸ್ವಲ್ಪ...

ಜಯರಾಮಯ್ಯ: ನೀವು ಹೇಳೋದು ಏನೂ ಉಳಿದಿಲ್ಲ. ಚೀಟೀನೇ ಎಲ್ಲಾ ಹೇಳಿದೆ. (ಹೆನ್ರಿಕ್ ಕಡೆ ತಿರುಗಿ) ಆ ಅಂಗಿ ನಿಮ್ಮದೇನಾ?

ಹೆನ್ರಿಕ್: ಊಂ, ನಂದೇ. ಸರಣು ಯಜಮಾನ್ರೇ. ಸಂದಾಕಿದೀರಾ? ನಿಮ್ ಕಡೆ ಮೇವು ಗೀವು ಎಂಗೆ?

ಜಯರಾಮಯ್ಯ (ಬೆಚ್ಚಿ): ಕನ್ನಡ ಬರುತ್ತೆ! ನಿಂತೇ ಇದೀರಲ್ಲ, ಕೂತ್ಕೊಳ್ಳಿ.

ಹೆನ್ರಿಕ್: ನಿಮ್ ಮುಂದೆ ಕೂರಾಕಾಗಾಕಿಲ್ಲ.

ಜಯರಾಮಯ್ಯ: ಹೋಗಲಿ, ಆ ಗೋಡೆ ಬಿಟ್ಟು ಈ ಕಡೆ ಬನ್ನಿ.

ಹೆನ್ರಿಕ್: ದೊಡ್ಡೋರ್ಗೆ ಬೆನ್ ತೋರ್ಸಬಾರ್ದು ಯಜಮಾನ್ರೇ. ಈಗಂತೂ ತೋರ್ಸಲೇಬಾರ್ದು.

ಜಯರಾಮಯ್ಯನವರ ಕೈಯಲ್ಲಿದ್ದ ಜಾತಕ ಅಷ್ಟಕ್ಕೇ ಸ್ವಲ್ಪ ಕೆಳಗಿಳಿಯಿತು. ಅವರ ಮಗ ಅಪ್ಪನ ಮುಂದೆ ಕಾಲ ಮೇಲೆ ಕಾಲು ಹಾಕಿಕೊಂಡು ಕ್ರಿಕೆಟ್ ಕಾಮೆಂಟರಿ ಕೇಳುವವನು.

ಜಯರಾಮಯ್ಯ: ಎಲ್ಲಿ ಇರೋದು ನೀವು?

ಹೆನ್ರಿಕ್: ಇವ್ರ ಮನೇಲೇ. ಮ್ಯಾಲಿನ ರೂಮು.

ಜಯರಾಮಯ್ಯ: ಊಟ?

ಹೆನ್ರಿಕ್: ಅಲ್ಲೇ. ಅಮ್ಮಾವ್ರ ಸಾರು ಬೋ ಪಸಂದಾಗಿರ್ತದೆ.

ಜಯರಾಮಯ್ಯ: ಈಗಾಗಲೇ ಊಟಾನೂ ಅಲ್ಲೇ! ಸುಬ್ಬಕೃಷ್ಣಯ್ಯನವರೇ!

ಸುಬ್ಬಕೃಷ್ಣ: ಅವರು ಬಾಡಿ...

ಜಯರಾಮಯ್ಯ: ತಡೀರಿ. ನಾನು ಅವರನ್ನ ಕೇಳ್ತಿದೀನಿ. ನೋಡೀಪ್ಪ, ಇವರು ನಿಮಗೆ ಏನು ಕೊಟ್ರು?

ಹೆನ್ರಿಕ್: ಇವ್ರು ನಂಗ್ಯಾಕೆ ಕೊಡ್ತಾರೆ? ನಾನೇ ಇವ್ರಿಗೆ ಕೊಡಾದು.

ಜಯರಾಮಯ್ಯ: ನೀವು? ಇವರಿಗೆ?

ಹೆನ್ರಿಕ್: ತಿಂಗ್ಳಾ ತಿಂಗ್ಳಾ ಇನ್ನೂರೈವತ್ತು. ಒಂದನೇ ತಾರೀಕು ಅಂದ್ರೆ ಒಂದನೇ ತಾರೀಕು. ಒಂದ್ ಕಿತಾನೂ ತಪ್ಸಿಲ್ಲ.

ಜಯರಾಮಯ್ಯನವರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕುಳಿತರು. ಹೆಣ್ಣು ಕೊಟ್ಟ ಮಾವ ಗಂಡಿಗೆ ಕೊಡುವುದನ್ನು ಅವರು ಹುಟ್ಟಿದಾರಭ್ಯ ನೋಡಿದ್ದರು. ತಮ್ಮಿಬ್ಬರು ಹೆಣ್ಣುಮಕ್ಕಳ ಮದುವೆಯಲ್ಲಿ ಕೊಟ್ಟೂ ಕೊಟ್ಟು ನಡು ಮುರಿದುಕೊಂಡಿದ್ದರು. ಗಂಡೇ ಮಾವನಿಗೆ ತಿಂಗಳು ತಿಂಗಳೂ ಎಣಿಸುವ ದೇಶವೂ ಇದೆಯೆಂದು ಯಾವ ಭೂಗೋಳದ ಮೇಷ್ಟರೂ ಅವರಿಗೆ ಹೇಳಿರಲಿಲ್ಲ.

ಜಯರಾಮಯ್ಯ (ಮೆಲ್ಲಗೆ): ಸೂಟು? ಸೂಟಿಗೆ ಯಾವ ಬಟ್ಟೆ ಕೇಳಿದೀರಿ?

ಹೆನ್ರಿಕ್: ಸೂಟಾ? ಈ ಬಿಸ್ಲಾಗೆ ಸೂಟ್ ಆಕ್ಕಂಡ್ರೆ ಸತ್ತೋಯ್ತೀನಿ. ನಂಗೆ ಎಲ್ಡು ಅಂಗಿ, ಎಲ್ಡು ಪ್ಯಾಂಟು. ಅತ್ತಿ ಬಟ್ಟೆ, ಸಡ್ಲಾಗಿ. ಸಾಯಂಕಾಲ ಕಟ್ಟೆ ಮ್ಯಾಲೆ ಕೂರಾಕೂ ಆಯ್ತದೆ, ಕೊಟ್ಟಿಗೇಗೂ ಆಯ್ತದೆ.

ಜಯರಾಮಯ್ಯ: ಅದರ ದುಡ್ಡು?

ಹೆನ್ರಿಕ್: ನಾನೇ ಕೊಡಾದು. ನನ್ ಬಟ್ಟೆಗೆ ಬ್ಯಾರೆಯೋರ್ ಯಾಕ್ ಕೊಡ್ತಾರೆ?

ಜಯರಾಮಯ್ಯನವರು ಎದ್ದು ಮೇಷ್ಟರ ತೋಳು ಹಿಡಿದು ಇಸ್ತ್ರಿಯ ಮೇಜಿನ ಪಕ್ಕಕ್ಕೆ ಎಳೆದುಕೊಂಡು ಹೋದರು.

ಜಯರಾಮಯ್ಯ: ಒಂದು ಮಾತು ನಿಜ ಹೇಳಿ. ಇವರ ಜೊತೆ ಖಾಯಂ ಆಗಿದೆಯಾ?

ಸುಬ್ಬಕೃಷ್ಣ: ಇಲ್ಲ! ದೇವರಾಣೆಗೂ ಇಲ್ಲ!

ಜಯರಾಮಯ್ಯ: ಅಂದ್ರೆ ನಮಗಿನ್ನೂ ಅವಕಾಶ ಇದೆ.

ಸುಬ್ಬಕೃಷ್ಣ: ಆಂ?

ಜಯರಾಮಯ್ಯ: ಗುಬ್ಬೀಲಿ ಎಲ್ಲರಿಗೂ ಹೇಳ್ಕೊಂಡು ಬಂದ್ಬಿಟ್ಟಿದೀನಿ. ಈಗ ಹುಡುಗಿ ಫಾರಿನ್ನವರ ಪಾಲಾದ್ಲು ಅಂದ್ರೆ ನಾನು ಪೇಟೇಲಿ ತಲೆಯೆತ್ಕೊಂಡು ಓಡಾಡೋ ಹಾಗಿಲ್ಲ. ನಮ್ಮ ಮಗ ಬೇರೆ ಮೂರು ದಿನದಿಂದ ಅನ್ನ ಬಿಟ್ಟಿದಾನೆ. ಮಾಡ್ಕೊಂಡ್ರೆ ಅವಳನ್ನೇ ಅಂತಾನೆ. ನೋಡಿ, ಆ ಸೂಟಿನ ವಿಷಯ... ಅದು ಅವನು ಹುಡುಗಾಟಕ್ಕೆ ಕೇಳಿದ್ದು. ವೇಸ್ಟ್‌ಕೋಟ್ ಬಿಟ್ಬಿಡಿ.

ಮೇಷ್ಟರು ‘ಇವರು ನಮ್ಮ ಬಾಡಿಗೆಯವರು’ ಎನ್ನಲು ಬಾಯಿ ತೆರೆದಿದ್ದರು. ಸತ್ಯವಂತರು, ಹೇಳಿಯೂ ಬಿಡುತ್ತಿದ್ದರು. ಆದರೆ ವೇಸ್ಟ್‌ಕೋಟ್ ಎಂಬ ಮಾತು ಕಿವಿಗೆ ಬೀಳುತ್ತಲೇ ಅವರೊಳಗಿನ ಲೆಕ್ಕದ ಮೇಷ್ಟರು ಎಚ್ಚರಾದರು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಆ ಮೌನವನ್ನು ಜಯರಾಮಯ್ಯನವರು ಅನುಮಾನ ಎಂದುಕೊಂಡರು.

ಜಯರಾಮಯ್ಯ: ಸರಿ, ಕೋಟೂ ಬೇಡ.

ಮೂಡಲಗಿರಿಯಪ್ಪ (ಮೆಷಿನ್ನಿನಿಂದ ನೆಗೆದು): ಸ್ವಾಮಿ!

ಜಯರಾಮಯ್ಯ: ನೀವು ನಡುವೆ ಬರಬೇಡಿ. ಉಣ್ಣೆ ಬಟ್ಟೇನೇ ಬೇಡ ಸುಬ್ಬಕೃಷ್ಣಯ್ಯನವರೇ, ಆಯ್ತಾ?

ಮೇಷ್ಟರು ಕೊಡೆಯ ಹಿಡಿಯನ್ನೇ ನೋಡುತ್ತ ನಿಂತರು. ಮಾತಾಡಿದರೆ ಇಳಿಯುತ್ತಿರುವ ಬೇಡಿಕೆ ಎಲ್ಲಿ ನಿಂತುಬಿಡುತ್ತದೋ ಎಂಬ ಭಯ.

ಮೂಡಲಗಿರಿಯಪ್ಪ: ಸ್ವಾಮಿ, ಮೋಸ ಹೋಗ್ಬೇಡಿ! ಈ ಸಾಹೇಬ್ರು ಅಳಿಯ ಅಲ್ಲ! ಬರೀ ಬಾಡಿಗೆಗೆ ಇರೋರು! ಚೀಟಿ ತಪ್ಪು!

ಜಯರಾಮಯ್ಯ: ಬಾಡಿಗೆಗೆ ಇರೋರಿಗೆ ಮನೆ ಯಜಮಾನ ಅಳತೆ ಕೊಡಿಸ್ತಾನೇನ್ರೀ? ಮೀಸೆ ಬಂದ ಗಂಡಸನ್ನ ಇನ್ನೊಬ್ಬರು ಜೊತೇಲಿ ಕರ್ಕೊಂಡು ಬಂದು ಬಟ್ಟೆ ಹೊಲಿಸಿದ್ರು ಅಂದ್ರೆ ಅದು ಏನಂತ ನನಗೆ ಗೊತ್ತಿಲ್ವಾ? ಇಬ್ಬರು ಅಳಿಯಂದಿರಿಗೆ ಹೊಲಿಸಿದೀನಿ ನಾನು.

ಮೂಡಲಗಿರಿಯಪ್ಪ: ಅಯ್ಯೋ, ಅದು ನನ್ ಮಾತೇ ಸ್ವಾಮಿ! ಈ ಒಂದ್ ಸಲ ಮಾತ್ರ...

ಸುಬ್ಬಕೃಷ್ಣ: ಹದಿನಾಲ್ಕು ವರ್ಷ ತಪ್ಪದ ಚೀಟಿ ಇವತ್ತು ಯಾಕೆ ತಪ್ಪು ಅಂತೀರಿ ಮೂಡಲಗಿರಿಯಪ್ಪ? ಅಂಗಡಿ ಮರ್ಯಾದೆ ನೋಡ್ಕೊಳ್ಳಿ.

ಮೂಡಲಗಿರಿಯಪ್ಪ: ಮೇಷ್ಟ್ರೇ! ನೀವೇ ಹೇಳಿ! ಅರ್ಧ ಗಂಟೆಯಿಂದ ಬಡ್ಕೋತಿದ್ರಲ್ಲ!

ಸುಬ್ಬಕೃಷ್ಣ: ನನಗೆ ಮಂಡಿನೋವು. ಸ್ವಲ್ಪ ಕೂತ್ಕೋತೀನಿ.

ಜಯರಾಮಯ್ಯ: ನೋಡಿ, ದರ್ಜಿಯವರೇ. ನಮ್ಮ ಹುಡುಗನಿಗೂ ಈ ಸಾಹೇಬರದ್ದೇ ತರಹ ಎರಡು ಅಂಗಿ, ಎರಡು ಪ್ಯಾಂಟು ಹೊಲೀರಿ. ಅದೇ ಪಟ್ಟೆ ಬಟ್ಟೆ.

ಮೂಡಲಗಿರಿಯಪ್ಪ: ಅದು ಹಾಸಿಗೆ ಬಟ್ಟೆ ಸ್ವಾಮಿ! ದಿನಾ ರಾತ್ರಿ ನೀವು ಅದ್ರ ಮೇಲೇ ಮಲಗೋದು!

ಜಯರಾಮಯ್ಯ (ಅಂಗಿ ಮುಟ್ಟಿ ನೋಡಿ): ಇರಬಹುದು. ಫಾರಿನ್ನಲ್ಲಿ ಈಗ ಇದೇ ಫ್ಯಾಷನ್ನೋ ಏನೋ. ಸೀಮೆಯಿಂದ ಬಂದೋರಿಗೇ ಸಾಕಾದದ್ದು ಕುಣಿಗಲ್ ಬ್ಯಾಂಕಿನ ಗುಮಾಸ್ತನಿಗೆ ಸಾಲದಾ? ಸಡಿಲವಾಗಿ ಹೊಲೀರಿ. ಹುಡುಗನ್ನ ಭಾನುವಾರ ಕಳಿಸ್ತೀನಿ, ಸುಬ್ಬಕೃಷ್ಣಯ್ಯನವರು ಕರ್ಕೊಂಡು ಬಂದು ಅಳತೆ ಕೊಡಿಸ್ತಾರೆ. (ಹೆನ್ರಿಕ್‌ಗೆ ಕೈ ಮುಗಿದು) ನೀವು ಬೇಜಾರು ಮಾಡ್ಕೋಬಾರದು. ನಮ್ಮದು ಮೊದಲು ಆಗಿದ್ದ ಮಾತು. ವನಜಾಕ್ಷೀನ ನಮ್ಮ ಮನೆಗೆ ತಂದುಕೊಳ್ತೀವಿ.

ಹೆನ್ರಿಕ್: ಬೋ ಸಂತೋಸ ಯಜಮಾನ್ರೇ! ಅದ್ಕೆ ಬೇಜಾರ್ ಯಾಕೆ? ಮದ್ವೆಗೆ ನಾನೇ ಮುಂದ್ ನಿಂತ್ಕಂಡು ಬಡಿಸ್ತೀನಿ.

ಜಯರಾಮಯ್ಯ (ಕಣ್ಣೊರೆಸಿಕೊಂಡು): ಎಂಥಾ ದೊಡ್ಡ ಮನಸ್ಸಪ್ಪ ನಿಮ್ಮದು!

ಜಾತಕವನ್ನು ಕೋಟಿನ ಒಳಜೇಬಿಗೆ ತುರುಕಿಕೊಂಡು, ಮೇಷ್ಟರು ಮನಸ್ಸು ಬದಲಿಸುವ ಮೊದಲೇ ಜಯರಾಮಯ್ಯನವರು ಮೆಟ್ಟಿಲಿಳಿದು ಬಸ್ ಸ್ಟಾಂಡಿನ ಕಡೆ ಓಟ ಕಿತ್ತರು. ಮೂಡಲಗಿರಿಯಪ್ಪ ಹೊಲಿಗೆ ಮೆಷಿನ್ನಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟ. ಮೇಷ್ಟರ ಮುಖ ಮಾತ್ರ ಹಾಲು ಕುಡಿದ ಮಗುವಿನ ಹಾಗಿತ್ತು. ಮನೆಗೆ ಹೋಗಿ ಮಗಳಿಗೆ ಹೇಳುವುದನ್ನು ನೆನೆದು ಅವರಿಗೆ ನಗೆ ತಡೆಯಲಾಗುತ್ತಿರಲಿಲ್ಲ.

ಹೆನ್ರಿಕ್: ಸ್ವಾಮಿ, ಆ ಯಜಮಾನ್ರು ಯಾಕ್ ಅಳ್ತಾ ಓದ್ರು?

ಸುಬ್ಬಕೃಷ್ಣ: ಏನಿಲ್ಲ ಹೆನ್ರಿಕ್. ನೀವೇ ನನ್ನ ಅಳಿಯ ಆಗೋರು ಅಂತ ತಿಳ್ಕೊಂಡಿದ್ರು. ಹುಡುಗಿ ಕೈತಪ್ಪಿ ಹೋಗುತ್ತೆ ಅಂತ ಹೆದರಿ ಸೂಟು ಬಿಟ್ಟುಕೊಟ್ರು.

ಹೆನ್ರಿಕ್: ನೀವು ಸುಮ್ಕೆ ಕೂತ್ರಿ?

ಸುಬ್ಬಕೃಷ್ಣ: ಖಾಯಂ ಆಗಿಲ್ಲ ಅಂತ ದೇವರಾಣೆ ಮಾಡಿದೆ. ಬಾಡಿಗೆಯವರು ಅಂತ ಗಿರಿಯಪ್ಪನೂ ಹೇಳಿದ. ಇನ್ನೂ ಎಷ್ಟು ನಿಜ ಹೇಳ್ಬೇಕ್ರೀ ಒಬ್ಬ ಮನುಷ್ಯನಿಗೆ?

ಹೆನ್ರಿಕ್: ಹೆಬ್ಬೂರ್ ಕಡೆ ಓರಿ ಯಾಪಾರ್ದಾಗೂ ಇಂಗೇ ಮಾಡ್ತಾರೆ ಸ್ವಾಮಿ. ಪಕ್ಕದಾಗೆ ಕೊಳ್ಳೋನ್ ತರ ಇನ್ನೊಬ್ಬನ್ನ ಸುಮ್ಕೆ ನಿಲ್ಲುಸ್ಬುಡಾದು.

ಸುಬ್ಬಕೃಷ್ಣ: ಅದೂ ಇದೂ ಹೇಗ್ರೀ ಒಂದಾಗುತ್ತೆ? ಹೋರಿ ಕೊಂಡೋನು ಅದಕ್ಕೆ ತ್ರೀ ಪೀಸ್ ಸೂಟು ಹೊಲಿಸ್ಬೇಕಾ?

ಮೂಡಲಗಿರಿಯಪ್ಪ ಮೆಲ್ಲಗೆ ತಲೆ ಎತ್ತಿದ. ಕೊರಳಲ್ಲಿದ್ದ ಟೇಪನ್ನು ಸರಿಮಾಡಿಕೊಂಡ.

ಮೂಡಲಗಿರಿಯಪ್ಪ: ಹೊಲಿಸೋರು ಯಾರಾದ್ರೂ ಇದ್ರೆ ಹೇಳಿ ಸ್ವಾಮಿ. ಅಳತೆಗೆ ನಾನೇ ಕೊಟ್ಟಿಗೇಗೆ ಬತ್ತೀನಿ.